ಕತೆಯನ್ನು ಬಿಡಿಸಿ ನೋಡುವುದು ಹೇಗೆ?

‘ಈ ಕತೆಯ ನಿರೂಪಣೆಯನ್ನು ವಿಮರ್ಶಿಸಿ’ ಎಂಬ ಪ್ರಶ್ನೆಗೆ ಎರಡು ಪುಟ ತುಂಬ ಕತೆಯನ್ನೇ ಹೇಳಿ ಬರುವವರು ಕಾಸರಗೋಡಿನ ಪ್ಲಸ್‌ಟು ತರಗತಿಗಳಲ್ಲೂ ಇದ್ದಾರೆ, ಪದವಿ ತರಗತಿಗಳಲ್ಲೂ ಇದ್ದಾರೆ. ಅವರು ಓದಿಲ್ಲವೆಂದಲ್ಲ; ನಿರೂಪಕ, ದೃಷ್ಟಿಕೋನದಂಥ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿದ್ದಾರೆಯೇ ಹೊರತು ಬಳಸಿ ನೋಡಿಲ್ಲ.

ಕತೆಯನ್ನು ಒಮ್ಮೆ ಸುಮ್ಮನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಘಟನೆಗಳನ್ನು ನಡೆದ ಕ್ರಮದಲ್ಲಿ ಐದಾರು ಸಾಲು ಬರೆದುಕೊಳ್ಳಿ. ಕತೆಗಾರ ಹೇಳಿದ ಕ್ರಮ ಬೇರೆಯಾಗಿದ್ದರೆ ಹೆಚ್ಚಾಗಿ ಎಲ್ಲೋ ಹಿನ್ನೋಟ ತಂತ್ರವಿದೆ, ಅಂದರೆ ಹಿಂದೆ ನಡೆದದ್ದನ್ನು ಆಮೇಲೆ ಹೇಳಲಾಗಿದೆ. ಆಮೇಲೆ ಸಾಲುಗಳ ನಡುವೆ ಕಾರಣ ಹುಡುಕಿ. ‘ಆಟಿ ತಿಂಗಳ ಮಳೆ ಬಿಡಲಿಲ್ಲ, ಆಮೇಲೆ ಭಟ್ಟರು ತೋಟ ಮಾರಿದರು’ ಎಂಬುದು ಬರಿಯ ಕತೆ. ಮಳೆ ಬಿಡದೆ ಬೋರ್ಡೋ ಮದ್ದು (ಕೊಳೆರೋಗ ತಡೆಯಲು ಅಡಿಕೆಗೆ ಸಿಂಪಡಿಸುವ ಮದ್ದು) ಹೊಡೆಯಲಾಗಲಿಲ್ಲ, ಕೊಳೆರೋಗಕ್ಕೆ ಅಡಿಕೆ ಉದುರಿತು, ಸಾಲ ತೀರಿಸಲು ತೋಟ ಮಾರಿದರು ಎಂದಾಗ ಅದು ಕಥಾಸಂವಿಧಾನ.

ಹೆಚ್ಚು ಹೊತ್ತು ಕೊಡಬೇಕಾದದ್ದು ನಿರೂಪಕನಿಗೆ, ಅಂದರೆ ಕತೆ ಹೇಳುವವನಿಗೆ. ಒಂದು ಪುಟದಿಂದ ತೊಡಗಿ, ಯಾರ ಯಾರ ಮನಸ್ಸಿನೊಳಗೆ ಹೋಗಲಾಗಿದೆಯೆಂದು ಪ್ರತಿ ಪುಟದ ಅಂಚಿನಲ್ಲಿ ಹೆಸರು ಬರೆಯಿರಿ. ಇಡೀ ಕತೆಯಲ್ಲಿ ಒಂದೇ ಹೆಸರು ಬಂದರೆ ಸೀಮಿತ ದೃಷ್ಟಿಕೋನ, ಹಲವು ಬಂದರೆ ಸಾಮಾನ್ಯವಾಗಿ ಸರ್ವಜ್ಞ ನಿರೂಪಣೆ, ಒಂದೂ ಬಾರದಿದ್ದರೆ ವಸ್ತುನಿಷ್ಠ. ‘ನಾನು’ ಎಂದು ಹೇಳುವ ಕತೆ ಉತ್ತಮ ಪುರುಷದ್ದು. ಇಂಗ್ಲಿಷ್ ಗೈಡಿನ ‘ಫಸ್ಟ್ ಪರ್ಸನ್’ ನೋಡಿ ಅದನ್ನು ಪ್ರಥಮ ಪುರುಷ ಎಂದು ಬರೆದರೆ ಉತ್ತರ ತಲೆಕೆಳಗು; ಕನ್ನಡದಲ್ಲಿ ಪ್ರಥಮ ಪುರುಷವೆಂದರೆ ‘ಅವನು’, ‘ಅವಳು’. ಆ ‘ನಾನು’ ಲೇಖಕನೂ ಅಲ್ಲ. ಭಟ್ಟರ ಕತೆಯನ್ನು ಹೇಳುವ ಮಗ ತೋಟ ಮಾರಿದ ಸಂಗತಿಯನ್ನು ‘ಅಪ್ಪನ ಸೋಮಾರಿತನ’ ಎನ್ನುತ್ತಾನೆ, ಆದರೆ ಕತೆಯಲ್ಲಿ ಅಪ್ಪ ಮಳೆಯಲ್ಲೇ ತೋಟಕ್ಕೆ ಇಳಿಯುವುದು ಕಾಣುತ್ತದೆ ಎಂದಾದರೆ ಮಗ ನಂಬಲರ್ಹನಲ್ಲದ ನಿರೂಪಕ. ಹಾಗೆನ್ನಲು ಆ ಎರಡೂ ಸಾಲುಗಳನ್ನು ತೋರಿಸಬೇಕು.

ನಮ್ಮ ಗಡಿನಾಡಿನ ಕತೆಗಳಲ್ಲಿ ಇನ್ನೊಂದು ಕೆಲಸ ಉಂಟು. ನಿರೂಪಣೆ ಪುಸ್ತಕದ ಕನ್ನಡದಲ್ಲಿ, ಮನೆಯ ಮಾತು ಹವ್ಯಕ ಕನ್ನಡದಲ್ಲಿ, ತೋಟದ ಮಾತು ತುಳುವಿನಲ್ಲಿ, ಪೇಟೆಯ ವ್ಯವಹಾರ ಮಲಯಾಳದಲ್ಲಿ ಬರಬಹುದು. ಭಾಷೆ ಬದಲಾದಲ್ಲೆಲ್ಲ ಗೆರೆ ಎಳೆದು, ಅಲ್ಲಿ ಯಾರ ಕೈ ಮೇಲಾಯಿತೆಂದು ನೋಡಿ. ‘ಆಡುಭಾಷೆ ಸೊಗಸಾಗಿದೆ’ ಎಂಬ ವಾಕ್ಯದಿಂದ ಏನೂ ಸಿಗದು.

ಪಾತ್ರಗಳನ್ನು ದುಂಡು (ಹಲವು ಮುಖಗಳಿದ್ದು ಅಚ್ಚರಿ ಹುಟ್ಟಿಸಬಲ್ಲದ್ದು), ಚಪ್ಪಟೆ (ಒಂದೇ ಗುಣದ್ದು) ಎಂದು ವಿಂಗಡಿಸಿದ್ದು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್, 1927ರಲ್ಲಿ. ಚಪ್ಪಟೆ ಎನ್ನುವುದು ಬೈಗುಳವಲ್ಲ. ಅರ್ಧ ಪುಟಕ್ಕೆ ಬಂದು ಹೋಗುವ ದಲ್ಲಾಳಿ ದುಂಡಗಾದರೆ ಕತೆಯೇ ದಾರಿ ತಪ್ಪೀತು.

ದೇಶಕಾಲಕ್ಕೆ, ಅಂದರೆ ಕತೆ ನಡೆಯುವ ಊರು ಮತ್ತು ಕಾಲಕ್ಕೆ, ಸುಲಭ ಪರೀಕ್ಷೆಯಿದೆ: ಊರು ಬದಲಿಸಿ ನೋಡುವುದು. ಭಟ್ಟರ ತೋಟವನ್ನು ಮಳೆ ಕಡಿಮೆಯ ಬಯಲುಸೀಮೆಗೆ ಒಯ್ದರೆ ಕೊಳೆರೋಗದ ಕಾರಣವೇ ಬಿದ್ದುಹೋಗುತ್ತದೆ. ಹಾಗಾಗಿ ಇಲ್ಲಿ ಮಳೆ ಬರಿಯ ಹಿನ್ನೆಲೆಯಲ್ಲ. ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಓದುವವರು ಚಂದ್ರಗಿರಿ ಹೊಳೆಯನ್ನೂ ಹೀಗೆಯೇ ಪರೀಕ್ಷಿಸಬಹುದು.

ಸಂಕೇತ ಬೇಟೆಗೆ ಹೊರಡಬೇಡಿ. ಒಂದು ವಸ್ತು ಮತ್ತೆ ಮತ್ತೆ ಬಂದು, ಪ್ರತಿಸಲ ಅರ್ಥ ಬೆಳೆಸಿಕೊಂಡಿದ್ದರೆ ಮಾತ್ರ ಬರೆಯಿರಿ.

ವಸ್ತು ಮತ್ತು ಆಶಯವನ್ನು ಕೊನೆಗೆ ಇಟ್ಟುಕೊಳ್ಳುವುದೇ ಒಳ್ಳೆಯದು. ‘ಸಾಲ’ ಎಂಬುದು ವಸ್ತು. ಒಂದು ಪದ ಸಾಕು. ಆಶಯಕ್ಕೆ ಪೂರ್ಣ ವಾಕ್ಯ ಬೇಕು: ‘ನೆಲ ಕೈತಪ್ಪಿದರೂ ಒಡೆತನದ ಗತ್ತು ಬಿಡುವುದಿಲ್ಲ.’ ‘ಸಾಲ ಮಾಡಬಾರದು’ ಎಂದರೆ ಅದು ನೀತಿ, ಆಶಯವಲ್ಲ.

ಉತ್ತರ ಬರೆಯುವಾಗ ಪಾರಿಭಾಷಿಕ ಪದ, ಕತೆಯಿಂದ ಒಂದು ಸಾಲು, ಆ ಸಾಲು ಅಲ್ಲಿ ಮಾಡುವ ಕೆಲಸ, ಈ ಮೂರೂ ಒಟ್ಟಿಗೆ ಬರಲಿ. ಸಣ್ಣ ಉತ್ತರವಾದರೆ ಅಂಥ ಎರಡು ಸಾಕು.