ಹೂಂಗುಟ್ಟುವವರು ಬೇಕು

ಫೆಬ್ರವರಿ, ಮಾರ್ಚ್ ಬಂತೆಂದರೆ ನಮ್ಮ ಬ್ಯಾಡಗಿ ಸೀಮೆಯ ಶಾಲೆಗಳಲ್ಲಿ ಹಾಜರಿ ಇಳಿಯುತ್ತದೆ. ಯಾಕೆಂದು ಯಾವ ಶಿಕ್ಷಕರನ್ನು ಕೇಳಿದರೂ ಉತ್ತರ ಸಿದ್ಧ: ಮೆಣಸಿನಕಾಯಿ ಸುಗ್ಗಿ, ಮಕ್ಕಳನ್ನು ಕೆಲಸಕ್ಕೆ ಕರೆದೊಯ್ಯುತ್ತಾರೆ. ಹದಿನಾರು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಒಂದು ವರ್ಷ ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಐದು ಶಾಲೆಗಳಿಂದ ಒಬ್ಬೊಬ್ಬರಂತೆ ಐವರು ಸೇರಿ ಇದನ್ನೇ ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮ ಶಾಲೆಯ ತೊಡಕನ್ನು ತಾವೇ ಹುಡುಕಿ ನೋಡುವ ಅಧ್ಯಯನಕ್ಕೆ, ಎತ್ತಿಕೊಂಡೆವು.

ಮೊದಲು ಮಾಡಿದ್ದು ಪ್ರಶ್ನಾವಳಿ. ಹನ್ನೆರಡು ಪ್ರಶ್ನೆ, ಎದುರಿಗೆ ಹೌದು, ಇಲ್ಲ. ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿದೆವು. ‘ಕೆಲಸಕ್ಕಾಗಿ ಮಗುವನ್ನು ಶಾಲೆ ಬಿಡಿಸುತ್ತೀರಾ?’ ಎಂಬುದಕ್ಕೆ ಒಬ್ಬರೂ ಹೌದು ಎಂದಿರಲಿಲ್ಲ. ಎಷ್ಟೋ ಹಾಳೆಗಳಲ್ಲಿ ಪಾಲಕರ ಸಹಿಯ ಜಾಗದಲ್ಲಿದ್ದ ದುಂಡನೆಯ ಅಕ್ಷರ ನಾವೇ ತಿದ್ದಿಸಿದ್ದು.

ಆಗ ನಮ್ಮಲ್ಲೇ ಒಬ್ಬರು, ಪ್ರಶ್ನೆ ಬಿಟ್ಟು ಕಥೆ ಕೇಳೋಣ ಎಂದರು. ಇದು ಹೊಸದೇನಲ್ಲ. ಕೆನಡಾದ ಶಿಕ್ಷಣ ಸಂಶೋಧಕರಾದ ಮೈಕಲ್ ಕಾನೆಲಿ ಮತ್ತು ಜೀನ್ ಕ್ಲಾಂಡಿನಿನ್ 1990ರಲ್ಲೇ ಅನುಭವದ ಕಥೆಗಳನ್ನು ಶಿಕ್ಷಣ ಸಂಶೋಧನೆಯ ಸಾಮಗ್ರಿಯಾಗಿ ಬಳಸುವ ಬಗ್ಗೆ ಬರೆದಿದ್ದರು. ಸಂಶೋಧಕರ ಎದುರು ಬಹುಕಾಲ ಬಾಯಿ ಮುಚ್ಚಿಕೊಂಡಿದ್ದ ಶಿಕ್ಷಕರು ಮೊದಲು ತಮ್ಮ ಕಥೆ ಹೇಳಲಿ ಎಂಬುದು ಅವರ ಮಾತು. ನಮಗೆ ಖುಷಿಯಾಯಿತು, ಮೊದಲು ನಾವೇ ಹೇಳಿಕೊಂಡೆವು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸುತ್ತ ಕುಳಿತು ಐದು ಕಥೆ ಕೇಳಿದೆವು. ಐದೂ ಒಂದೇ ಎರಕದವು: ಮಗು ಬರಲಿಲ್ಲ, ನಾನು ಮನೆಗೆ ಹೋದೆ, ತಂದೆ ತಾಯಿಗೆ ತಿಳಿ ಹೇಳಿದೆ, ಮಗು ಮರುದಿನ ಬಂತು. ಶಿಕ್ಷಕರ ದಿನಾಚರಣೆಯ ಭಾಷಣಕ್ಕೆ ಸರಿ. ಸಂಶೋಧನೆಗೆ ಅದರಲ್ಲಿ ಹಿಡಿಯಲು ಏನೂ ಇರಲಿಲ್ಲ.

ನನಗೆ ನಮ್ಮಜ್ಜಿ ನೆನಪಾದದ್ದು ಆಗ. ಹೂಂಗುಟ್ಟುವವರು ಇಲ್ಲದೆ ಅವಳು ಕಥೆ ಹೇಳುತ್ತಿರಲಿಲ್ಲ. ನಾವು ತೂಕಡಿಸಿ ‘ಹೂಂ’ ತಪ್ಪಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಹೂಂಗುಟ್ಟುವವನಿಗೆ ನಡುವೆ ‘ಆಗ ರಾಜನ ಕುದುರೆ ಎಲ್ಲಿತ್ತು?’ ಎಂದು ಕೇಳುವ ಹಕ್ಕೂ ಇತ್ತು. ನಮ್ಮ ಐವರಲ್ಲಿ ಇದ್ದದ್ದು ಹೇಳುವವರು ಮಾತ್ರ. ಹಾಗಾಗಿ ಮುಂದಿನ ಶನಿವಾರದಿಂದ ಒಂದು ಕಟ್ಟಳೆ ಮಾಡಿಕೊಂಡೆವು. ಗೆದ್ದದ್ದನ್ನು ಹೇಳುವಂತಿಲ್ಲ, ತಿಳಿಯದೆ ನಿಂತುಬಿಟ್ಟ ಒಂದು ದಿನವನ್ನು ಹೇಳಬೇಕು. ಒಬ್ಬರು ಹೂಂಗುಟ್ಟಬೇಕು; ಅವರು ಕೇಳಬಹುದಾದದ್ದು ಎಲ್ಲಿ, ಯಾವಾಗ, ಆಮೇಲೆ ಏನಾಯಿತು, ಇಷ್ಟೇ. ಇನ್ನೊಬ್ಬರು ಬರೆದುಕೊಳ್ಳಬೇಕು, ಹೇಳಿದವರ ಮಾತಿನಲ್ಲೇ. ‘ಪಾಲಕರ ಅಜ್ಞಾನ’ ಎಂದರೆ ಕಥೆ ನಿಲ್ಲಿಸಿ, ಅಲ್ಲಿ ನೀವು ಕಣ್ಣಾರೆ ಕಂಡದ್ದೇನು ಎಂದು ಕೇಳುತ್ತಿದ್ದೆವು. ನನ್ನ ಕಥೆಯನ್ನೇ ಮೂರು ಸಲ ನಿಲ್ಲಿಸಿದರು. ಸಿಟ್ಟು ಬಂದದ್ದು ನಿಜ.

ನನ್ನದು ಆರನೆಯ ತರಗತಿಯ ಒಬ್ಬ ಹುಡುಗಿಯ ಕಥೆ. ಓದಿನಲ್ಲಿ ಚುರುಕು, ಸುಗ್ಗಿ ಬಂದರೆ ಮಾಯ. ಅವಳ ಅವ್ವ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ತೊಟ್ಟಿಗೆ ನಮ್ಮಲ್ಲಿ ತುಂಬು ಎನ್ನುತ್ತಾರೆ. ‘ಅವ್ವನೇ ಮಗಳನ್ನು ಕೆಲಸಕ್ಕೆ ಕರೆದೊಯ್ಯುತ್ತಾಳೆ’ ಎಂದೆ. ಕಂಡಿದ್ದೀರಾ ಎಂದರು. ಕಂಡಿರಲಿಲ್ಲ.

ಅವ್ವನ ಹತ್ತಿರ ಹೋದೆ. ಮೊಬೈಲ್ ತೆಗೆದು ರೆಕಾರ್ಡಿಂಗ್‌ಗೆ ಇಟ್ಟ ಕೂಡಲೇ ಆಕೆ ಸೆರಗು ಸರಿಮಾಡಿಕೊಂಡು, ರೇಡಿಯೊದಲ್ಲಿ ಮಾತಾಡುವವರ ಹಾಗೆ ‘ಶಿಕ್ಷಣ ಬಹಳ ಮುಖ್ಯ’ ಎಂದು ಶುರುಮಾಡಿದಳು. ಮೊಬೈಲನ್ನು ಚೀಲಕ್ಕೆ ಹಾಕಿದೆ. ಚಹಾ ಬಂತು, ಮಾತು ಬಂತು. ‘ಅಕ್ಕೋರೇ, ನಾನು ಕೆಲಸಕ್ಕೆ ಹೋಗುವ ಮುಂಚೆ ಅವಳಿಗೆ ತಲೆ ಬಾಚಿ, ರೊಟ್ಟಿ ಕಟ್ಟಿಕೊಟ್ಟೇ ಹೋಗುತ್ತೇನೆ. ಶಾಲೆಗೆ ಬಂದ ಹುಡುಗಿಯನ್ನು ನೀವೇ ಮನೆಗೆ ಕಳಿಸುತ್ತೀರಂತೆ.’

ನಾನು ಯಾವತ್ತೂ ಕಳಿಸಿರಲಿಲ್ಲ. ಎರಡು ಕಥೆಯಲ್ಲಿ ಒಂದು ಸುಳ್ಳಿರಬೇಕು, ಅದು ನನ್ನದಲ್ಲ ಎಂದುಕೊಂಡು ಶನಿವಾರ ಬಂದು ಹೇಳಿದೆ. ಹೂಂಗುಟ್ಟುತ್ತಿದ್ದ ಮಾಸ್ತರರು ತೀರ್ಪು ಕೊಡಲಿಲ್ಲ. ‘ಆಕೆ ಬಾರದ ದಿನಗಳು ಯಾವುವು?’ ಎಂದರು. ಹಾಜರಿ ಪುಸ್ತಕ ತಂದು ಬೆರಳಿಟ್ಟು ನೋಡಿದೆವು. ಮಂಗಳವಾರ, ಶುಕ್ರವಾರ; ಮತ್ತೆ ಮಂಗಳವಾರ, ಶುಕ್ರವಾರ. ಆ ಪುಸ್ತಕಕ್ಕೆ ದಿನಾ ಗುರುತು ಹಾಕಿದವಳು ನಾನೇ. ಬ್ಯಾಡಗಿ ಮಾರುಕಟ್ಟೆಯ ದಿನಗಳು ಸೋಮವಾರ ಮತ್ತು ಗುರುವಾರ.

ಹುಡುಗಿ ತನ್ನ ಕಥೆಯನ್ನು ನನಗೆ ಹೇಳಲಿಲ್ಲ. ಇನ್ನೊಂದು ಶಾಲೆಯ ಅಕ್ಕೋರಿಗೆ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಹೇಳಿದಳು. ಮಾರುಕಟ್ಟೆಯ ದಿನ ಅವ್ವ ಬರುವುದು ರಾತ್ರಿಯಾಗುತ್ತದೆ. ಮನೆಗೆ ಬೀಗ. ಇವಳು ಶಾಲೆಯಿಂದ ಸೀದಾ ಅವ್ವ ಕೆಲಸ ಮಾಡುವ ಕಡೆ ಹೋಗಿ, ರಾಶಿಯ ಪಕ್ಕದಲ್ಲಿ ಕುಳಿತು ಮನೆಪಾಠ ಬರೆಯುತ್ತಾಳೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಒಣಗಿದ ಕಾಯಿಯ ಧೂಳಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಸಮವಸ್ತ್ರಕ್ಕೆ, ಜಡೆಗೆ, ಪಾಟಿಚೀಲಕ್ಕೆಲ್ಲ ಘಾಟು. ಬೆಳಿಗ್ಗೆ ಅವಳು ಕುಳಿತ ಸಾಲಿನಲ್ಲಿ ಸೀನು ಶುರುವಾಗುತ್ತದೆ, ಹುಡುಗರು ನಗುತ್ತಾರೆ. ಒಂದು ದಿನ ನಾನು ‘ಹೊರಗೆ ಹೋಗಿ ಮುಖ ತೊಳೆದುಕೊಂಡು ಬಾ’ ಎಂದಿದ್ದೆನಂತೆ. ಆಕೆ ಹೊರಗೆ ಹೋದಳು, ಮನೆಗೂ ಹೋದಳು.

ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಮೂರು ಕಥೆ ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲೇ ನಮಗೆ ಬೇಕಾದದ್ದು ಇತ್ತು. ಅಲ್ಲಿಂದ ಮುಂದೆ ಪ್ರತಿ ಮಗುವಿನ ಬಗ್ಗೆಯೂ ಕನಿಷ್ಠ ಇಬ್ಬರಿಂದ ಕಥೆ ಕೇಳಿ, ಹೊಂದದ ಜಾಗಕ್ಕೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯತೊಡಗಿದೆವು. ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸುತ್ತಿದ್ದೆವು. ಆ ಅವ್ವ ಕೇಳಿ, ‘ರಾತ್ರಿ ಬರುತ್ತಾಳೆ ಎಂದು ಬರೆಯಬೇಡಿ, ಕತ್ತಲಾದ ಮೇಲೆ ಎಂದು ಬರೆಯಿರಿ’ ಎಂದಳು. ನನಗೆ ಎರಡೂ ಒಂದೇ. ಊರಿನಲ್ಲಿ ಬದುಕುವ ಹೆಂಗಸಿಗೆ ಒಂದಲ್ಲ. ವರದಿಯಲ್ಲಿ ತಿದ್ದಿದೆವು. (ಇಲ್ಲಿ ಬರೆಯಲು ಆಕೆಯನ್ನು ಕೇಳಿಯೇ ಬರೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹೆಸರು ಬದಲಿಸಿದರೆ ಸಾಕು ಎಂಬ ಮಾತು ನಗರಕ್ಕೆ ಸರಿಹೋಗಬಹುದು. ನಮ್ಮೂರಿನಲ್ಲಿ ‘ಎರಡು ಎಮ್ಮೆ, ಒಬ್ಬಳೇ ಮಗಳು’ ಎಂದರೆ ಮನೆಯ ಬಾಗಿಲು ತೋರಿಸುತ್ತಾರೆ. ಇಬ್ಬರು ಮಕ್ಕಳ ಕಥೆ ಸೇರಿಸಿ ಒಂದು ಮಾಡೋಣವೇ ಎಂಬ ಚರ್ಚೆ ಎರಡು ಶನಿವಾರ ನಡೆಯಿತು. ಹಾಗೆ ಮಾಡುವವರು ಇದ್ದಾರೆ, ತಪ್ಪೂ ಅಲ್ಲ. ನಮಗೆ ಮನಸ್ಸು ಒಪ್ಪಲಿಲ್ಲ. ಹೊಂದದ ಜಾಗಗಳನ್ನು ಹುಡುಕುವವರು ಕಥೆಗಳನ್ನೇ ಬೆಸೆದುಬಿಟ್ಟರೆ ಹುಡುಕುವುದೇನನ್ನು? ಗುರುತು ಕೊಡುವ ವಿವರಗಳನ್ನು ಮಾತ್ರ ತೆಗೆದೆವು. ಎರಡು ಕಥೆಗಳನ್ನು ಪೂರ್ತಿ ಕೈಬಿಟ್ಟೆವು.

ವರದಿ ನೋಡಿದ ಅಧಿಕಾರಿಯೊಬ್ಬರು ‘ಇದರಲ್ಲಿ ದತ್ತಾಂಶ ಎಲ್ಲಿ?’ ಎಂದರು. ಅವರದು ಪೂರ್ತಿ ತಪ್ಪಲ್ಲ. ಕಥೆಯ ಎದುರು ಪುಟದಲ್ಲಿ ಆ ಮಗುವಿನ ಹಾಜರಿಯ ಕೋಷ್ಟಕ ಹಾಕಿದೆವು. ಕೋಷ್ಟಕ ಒಂದೇ ಇದ್ದಿದ್ದರೆ ಮಂಗಳವಾರ ಕಾಣುತ್ತಿರಲಿಲ್ಲ, ಕಥೆ ಒಂದೇ ಇದ್ದಿದ್ದರೆ ಅವರು ನಂಬುತ್ತಿರಲಿಲ್ಲ. ಎಲ್ಲ ಮಕ್ಕಳ ಹಿಂದೆಯೂ ಇಂಥ ಕಥೆ ಇತ್ತು ಎಂದು ತಿಳಿಯಬೇಡಿ. ಕೆಲವರು ನಿಜವಾಗಿಯೂ ಕೆಲಸಕ್ಕೇ ಹೋಗುತ್ತಿದ್ದರು. ಅವರ ವಿಷಯದಲ್ಲಿ ನಮ್ಮಿಂದ ಹೆಚ್ಚೇನೂ ಆಗಲಿಲ್ಲ.

ಈ ಹುಡುಗಿಯದು ಸುಲಭವಾಗಿ ಬಗೆಹರಿಯಿತು. ಬಿಸಿಯೂಟದ ಅಡುಗೆಯವರ ಮನೆ ಶಾಲೆಯ ಹಿಂದೆಯೇ ಇದೆ. ಸೋಮವಾರ, ಗುರುವಾರ ಸಂಜೆ ಅವರ ಜಗಲಿಯಲ್ಲಿ ಇವಳೂ ಇನ್ನಿಬ್ಬರೂ ಕುಳಿತು ಓದಿಕೊಳ್ಳಲಿ ಎಂದು ಕೇಳಲು ಹೋದಾಗ, ನಾವು ಮೂರು ತಿಂಗಳು ಅಗೆದು ತೆಗೆದದ್ದನ್ನೆಲ್ಲ ಅವರು ತಾವೇ ಹೇಳಿದರು. ಘಾಟು, ಬೀಗ, ನಾನು ಮುಖ ತೊಳೆಯಲು ಕಳಿಸಿದ್ದು. ಮೊದಲೇ ಯಾಕೆ ಹೇಳಲಿಲ್ಲ ಎಂದೆ.

‘ಆ ಹಾಳೆಯನ್ನು ನನಗೆ ಕೊಡಲೇ ಇಲ್ಲವಲ್ಲ ಅಕ್ಕೋರೇ’ ಎಂದರು.

ಮರುವರ್ಷ ಮೊದಲ ಶನಿವಾರ ಅವರೂ ಸೆರಗಿಗೆ ಕೈ ಒರೆಸುತ್ತ ಬಂದು ನಮ್ಮ ಜೊತೆ ಕುಳಿತರು. ಕಥೆ ನನ್ನದಿತ್ತು. ನಾಲ್ಕನೆಯ ಮಾತಿಗೇ ತಡೆದು, ‘ಅದು ಹಾಗಲ್ಲ’ ಎಂದರು.