ಕಾಲಿನ ಆಪರೇಷನ್ ಆದ ನಾಯಿಯ ಆರೈಕೆ ಮನೆಯಲ್ಲಿ ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರಸ್ತೆಗಳಲ್ಲಿ ಬೈಕಿಗೋ ಟೆಂಪೋಗೋ ಸಿಕ್ಕಿ ಕಾಲು ಮುರಿದುಕೊಂಡ ನಾಯಿಯನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಖಾಸಗಿ ಆಸ್ಪತ್ರೆಗೋ ಒಯ್ದು, ಪ್ಲೇಟು ಅಥವಾ ರಾಡು ಹಾಕಿಸಿಕೊಂಡು ಬರುವವರಿದ್ದಾರೆ. ಆಪರೇಷನ್ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಮೂಳೆ ಕೂಡಲು ಬೆಳೆದ ನಾಯಿಗೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಷ್ಟೂ ದಿನ ಅದನ್ನು ಓಡಲು ಬಿಡದೆ ಕಾಯುವುದೇ ಮನೆಯವರಿಗೆ ದೊಡ್ಡ ಕೆಲಸ.

ನಾಯಿ ಮನೆಗೆ ಬರುವ ಮುಂಚೆ ಜಾಗ ಸಿದ್ಧವಾಗಿರಲಿ. ಎದ್ದು ತಿರುಗಿ ಮಲಗುವಷ್ಟಿದ್ದರೆ ಸಾಕು, ಜಿಗಿಯುವಷ್ಟು ಬೇಡ. ಗೂಡಿಲ್ಲದವರು ಕೋಣೆಯ ಮೂಲೆಗೆ ಅಡ್ಡ ಕಟ್ಟಬಹುದು. ರೇಷ್ಮೆ ಸಾಕುವ ಮನೆಗಳಲ್ಲಿ ಅಟ್ಟ ಸೇರಿದ ಹಳೆಯ ಚಂದ್ರಿಕೆಯನ್ನು (ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ) ನಿಲ್ಲಿಸಿ ಎರಡೂ ತುದಿ ಬಿಗಿದರೆ ಸಣ್ಣ ನಾಯಿಗೆ ಅದೇ ಬೇಲಿ. ಗ್ರಾನೈಟ್, ಟೈಲ್ಸ್ ನೆಲದಲ್ಲಿ ಜಾರಿದರೆ ಹಾಕಿದ ಪ್ಲೇಟೇ ಸಡಿಲವಾಗಬಹುದಾದ್ದರಿಂದ ಗೋಣಿಚೀಲವನ್ನು ಜರುಗದಂತೆ ಹಾಸಿ, ಮೇಲೆ ಒಗೆದ ಹತ್ತಿಬಟ್ಟೆ ಹಾಕಿ.

ಮೊದಲ ರಾತ್ರಿ ಅರಿವಳಿಕೆಯ ಮಂಪರು ಇರುತ್ತದೆ. ಸ್ವಲ್ಪ ನೀರು, ಒಂದು ಹಿಡಿ ಮೊಸರನ್ನ ಸಾಕು. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಗಾಬರಿ ಬೇಡ. ಇಡೀ ದಿನ ಮೂತ್ರ ಮಾಡದಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ.

ಹಿಂಗಾಲಿನ ಆಪರೇಷನ್ ಆಗಿದ್ದರೆ ಹೊರಗೆ ಕರೆದೊಯ್ಯಲು ಟವೆಲನ್ನು ಉದ್ದಕ್ಕೆ ಮಡಿಸಿ, ಹಿಂಗಾಲುಗಳಿಗೆ ಸ್ವಲ್ಪ ಮುಂದೆ ಹೊಟ್ಟೆಯಡಿ ತೂರಿಸಿ, ಎರಡೂ ತುದಿಗಳನ್ನು ಬೆನ್ನಿನ ಮೇಲೆ ಒಂದೇ ಕೈಯಲ್ಲಿ ಹಿಡಿಯಿರಿ; ಬೆಲ್ಟು ಇನ್ನೊಂದು ಕೈಯಲ್ಲಿರಲಿ. ನಾಯಿಯನ್ನು ಎತ್ತುವುದಲ್ಲ, ಅದರ ಭಾರ ಹಗುರಾಗುವಷ್ಟು ಆಧಾರ ಕೊಡುವುದು. ಗಂಡುನಾಯಿಗೆ ಟವೆಲನ್ನು ಕಿರಿದಾಗಿ ಮಡಿಸದಿದ್ದರೆ ಮೂತ್ರವೆಲ್ಲ ಅದಕ್ಕೇ! ಐದು ನಿಮಿಷದಲ್ಲಿ ಒಳಗೆ ಬನ್ನಿ.

ಹೊಲಿಗೆಯನ್ನು ದಿನಕ್ಕೆರಡು ಸಲ ಒಳ್ಳೆಯ ಬೆಳಕಿನಲ್ಲಿ ನೋಡಿ. ಮೊದಮೊದಲು ತುಸು ಕೆಂಪು, ಊತ ಸಹಜ. ಊತ ದಿನೇ ದಿನೇ ಏರಿದರೆ, ಕೀವು ಅಥವಾ ವಾಸನೆ ಬಂದರೆ, ಹೊಲಿಗೆ ಬಾಯಿ ಬಿಟ್ಟರೆ ತಡಮಾಡಬೇಡಿ. ಅರಿಸಿನ, ಕೊಬ್ಬರಿ ಎಣ್ಣೆ, ಡೆಟಾಲ್ ಯಾವುದನ್ನೂ ಹಚ್ಚಬಾರದು. ಹೊಲಿಗೆ ಬಿಚ್ಚುವ 10ರಿಂದ 14 ದಿನಗಳವರೆಗೆ ಕೊರಳಿಗೆ ಕೋನ್ (ಬಾಯಿ ಗಾಯಕ್ಕೆ ಎಟುಕದಂತೆ ತಲೆಯ ಸುತ್ತ ನಿಲ್ಲುವ ಪ್ಲಾಸ್ಟಿಕ್ ಪಟ್ಟಿ) ಇರಲೇಬೇಕು, ನೆಕ್ಕಿದ ಗಾಯ ವಾಸಿಯಾಗುವುದಿಲ್ಲ. ಕೋನ್ ಹಾಕಿದ ನಾಯಿಗೆ ನೆಲದ ಬಟ್ಟಲು ಎಟುಕದು. ಎರಡು ಇಟ್ಟಿಗೆಯ ಮೇಲಿಟ್ಟರೆ ಕುಡಿಯುತ್ತದೆ. ನೊಣ ಕೂತರೆ ಗಾಯದಲ್ಲಿ ಹುಳು ಬೀಳುತ್ತದೆ. ರೇಷ್ಮೆಹುಳುವನ್ನು ಕಾಡುವ ಊಜಿ ನೊಣ ಬಾರದಿರಲೆಂದು ರೇಷ್ಮೆಹುಳು ಸಾಕುವ ಮನೆಯ ಕಿಟಕಿಗೆ ಬಿಗಿಯುವ ನೈಲಾನ್ ಬಲೆಯ ತುಂಡೊಂದನ್ನು ನಾಯಿಯ ಮೂಲೆಗೂ ಕಟ್ಟಿ.

ನೋವಿನ ಮಾತ್ರೆಯನ್ನು ವೈದ್ಯರು ಬರೆದ ಪ್ರಮಾಣದಲ್ಲಿ, ಊಟವಾದ ಮೇಲೆ ಕೊಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ವಿಷವಾಗಬಹುದು. ವಾಂತಿ ಅಥವಾ ಕಪ್ಪು ಮಲ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಓಡಾಟವಿಲ್ಲದ ನಾಯಿಗೆ ಆಹಾರವನ್ನೂ ಸ್ವಲ್ಪ ಕಡಿಮೆ ಮಾಡಬೇಕು, ಮೈ ಬಂದಷ್ಟೂ ಕಾಲಿಗೆ ಭಾರ. ರಾಗಿ ಮುದ್ದೆಗೆ ಒಗ್ಗಿದ ನಾಯಿಗೆ ಮುದ್ದೆಯೇ ಇರಲಿ, ಆದರೆ ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಮೊಸರು ಅಥವಾ ಬೇಯಿಸಿದ ಮೊಟ್ಟೆ ಬೆರೆಸಿ.

ನಿಜವಾದ ಅಪಾಯ ಮೂರನೇ ವಾರದ್ದು. ನೋವು ಇಳಿದಿರುತ್ತದೆ, ಮೂಳೆ ಇನ್ನೂ ಕೂಡಿರುವುದಿಲ್ಲ, ಆ ವ್ಯತ್ಯಾಸ ನಾಯಿಗೆ ತಿಳಿಯದು. ನಮ್ಮ ಕರಿಯ ನಾಲ್ಕೂ ಕಾಲು ಊರತೊಡಗಿದಾಗ ನಾನೇ ಅಡ್ಡಹಲಗೆಯನ್ನು ತಗ್ಗಿಸಿದ್ದೆ; ಬೆಳಿಗ್ಗೆ ಡೇರಿಗೆ ಹೊರಟ ಹಾಲಿನ ಕ್ಯಾನಿನ ಸದ್ದು ಕೇಳಿದ್ದೇ ತಡ, ಹಾರಿಬಿಟ್ಟ. ಒಳಗಿನ ಪಿನ್ನು ಬಾಗಿ ಎರಡನೇ ಆಪರೇಷನ್ ಆಯಿತು.

ವೈದ್ಯರು ಹೇಳಿದ ದಿನ, ಸಾಮಾನ್ಯವಾಗಿ 6ರಿಂದ 8 ವಾರಕ್ಕೆ, ಎಕ್ಸ್-ರೇ ತೆಗೆಸಿ. ಮೂಳೆ ಕೂಡಿದೆ ಎಂದು ಅವರು ಹೇಳಿದ ಮೇಲೆ ಬೆಲ್ಟು ಹಿಡಿದು ನಿಧಾನವಾಗಿ ನಡೆಸಿ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತಾ ಹೋಗಿ. ಮಾರನೆಯ ದಿನ ಕುಂಟಿದರೆ ಹಿಂದಿನ ವಾರದ ಲೆಕ್ಕಕ್ಕೇ ಮರಳಿ. ಮೆಟ್ಟಿಲು ಹತ್ತುವುದೂ ಜಗಲಿಯಿಂದ ಧುಮುಕುವುದೂ ಎಲ್ಲಕ್ಕಿಂತ ಕೊನೆಗೆ.