ಫುಟ್‌ಬಾಲ್ ಮ್ಯಾಚಿನಲ್ಲಿ ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು

ಸಿಯಾಟಲ್‌ಗೆ ಬಂದ ಮೊದಲ ಸೆಪ್ಟೆಂಬರ್‌ನಲ್ಲೇ ಮಕ್ಕಳು ಶುಕ್ರವಾರ ಸಂಜೆಯ ಹೈಸ್ಕೂಲ್ ಫುಟ್‌ಬಾಲ್ ಮ್ಯಾಚಿಗೆ ಕರೆಯುತ್ತಾರೆ. ನಾವು ಊರಲ್ಲಿ ಕಂಡ, ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್. ದಯವಿಟ್ಟು ಹೋಗಿ. ಊರಿನವರ ಪರಿಚಯವಾಗುವ ಜಾಗ ಅದು. ಆದರೆ ಚೆಂಡು ಅಲುಗುವ ಮೊದಲೇ ರೆಫರಿ ತಪ್ಪಾಯಿತೆಂದು ಹಳದಿ ಬಟ್ಟೆ ಎಸೆದು ನಿಲ್ಲಿಸಿದರೆ ತಲೆಬುಡ ಗೊತ್ತಾಗುವುದಿಲ್ಲ.

ಖೋ ಖೋ ನೆನಪಿಸಿಕೊಳ್ಳಿ. ಬೆನ್ನಿಗೆ ಖೋ ಬೀಳುವ ಮುಂಚೆ ಎದ್ದರೆ ಫೌಲ್ ಅಲ್ವಾ? ಇಲ್ಲಿನ ಖೋ ಅಂದರೆ ಸ್ನ್ಯಾಪ್. ನಡುವೆ ಬಗ್ಗಿ ನಿಂತ ಸೆಂಟರ್ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ, ಅಂದರೆ ತಂಡದ ಆಟ ನಡೆಸುವ ಹುಡುಗನಿಗೆ, ಕೊಡುವ ಕ್ಷಣ. ಚೆಂಡು ಹಿಡಿದ ತಂಡದ 11 ಜನರೂ ಅದಕ್ಕೆ ಮುಂಚೆ ಒಂದು ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ಆಮೇಲೆ ಒಬ್ಬನಿಗೆ ಮಾತ್ರ ಓಡಾಡುವ ಅವಕಾಶ. ಅವನೂ ಸ್ನ್ಯಾಪ್ ಹೊತ್ತಿಗೆ ಅಡ್ಡಕ್ಕೋ ಹಿಂದಕ್ಕೋ ಹೋಗುತ್ತಿರಬೇಕು, ಮುಂದಕ್ಕೆ ಅಲ್ಲ. ಆ ಓಟವನ್ನು ಮೋಷನ್ ಅನ್ನುತ್ತಾರೆ. ಮುಂದಿನ ಸಾಲಿನಲ್ಲಿ ನೆಲಕ್ಕೆ ಕೈ ಊರಿ ಕೂತ ದೊಡ್ಡ ಹುಡುಗ ಒಮ್ಮೆ ಬೆಚ್ಚಿಬಿದ್ದು ಅಲುಗಿದರೂ ಸಾಕು, ಅದು ಫಾಲ್ಸ್ ಸ್ಟಾರ್ಟ್. ಆಟ ಅಲ್ಲೇ ನಿಲ್ಲುತ್ತದೆ, ತಂಡ 5 ಗಜ ಹಿಂದೆ ಸರಿಯಬೇಕು. ರೆಫರಿ ಎದೆಯ ಮುಂದೆ ಎರಡೂ ಮುಂಗೈಗಳನ್ನು ಗಿರಗಿರ ತಿರುಗಿಸಿದರೆ ಇದೇ ತಪ್ಪು ಎಂದು ತಿಳಿಯಿರಿ.

ಕೂಗಾಟದ ವಿಷಯ ಬರುವುದು ಇಲ್ಲೇ. ಹೊಸಬರು ಇದನ್ನೇ ಜಾಸ್ತಿ ತಪ್ಪು ಮಾಡುವುದು. ನಮ್ಮ ತಂಡದ ಕೈಯಲ್ಲಿ ಚೆಂಡು ಇದೆ ಎಂದು ಖುಷಿಯಲ್ಲಿ ಕಿರುಚುತ್ತೇವೆ. ಬೇಡ. ಸ್ನ್ಯಾಪ್ ಯಾವಾಗ ಎಂದು ಕೂಗಿ ತಿಳಿಸುವ ಕ್ವಾರ್ಟರ್‌ಬ್ಯಾಕ್ ಧ್ವನಿ ನಮ್ಮ ಹುಡುಗರಿಗೇ ಕೇಳಿಸದೆ ಹೋಗುತ್ತದೆ. ಎದುರಾಳಿಗಳ ಹತ್ತಿರ ಚೆಂಡು ಇದ್ದಾಗ ಗಂಟಲು ಹರಿಯುವಷ್ಟು ಕೂಗಿ. 2005ರ ನವೆಂಬರ್‌ನಲ್ಲಿ ನಮ್ಮೂರಿನ ವೃತ್ತಿಪರ ತಂಡ ಸೀಹಾಕ್ಸ್‌ನ ಮೈದಾನಕ್ಕೆ ಬಂದ ನ್ಯೂಯಾರ್ಕ್ ಜೈಂಟ್ಸ್ ಒಂದೇ ಮ್ಯಾಚಿನಲ್ಲಿ 11 ಸಲ ಫಾಲ್ಸ್ ಸ್ಟಾರ್ಟ್ ಮಾಡಿದರು. ಗ್ಯಾಲರಿಯ ಗದ್ದಲ ಅಷ್ಟು ಕೆಲಸ ಮಾಡುತ್ತದೆ. ಪ್ರೇಕ್ಷಕರನ್ನು ಹನ್ನೆರಡನೇ ಆಟಗಾರ ಎಂದು ಕರೆದು, 1984ರಲ್ಲೇ 12ನೇ ಜೆರ್ಸಿಯನ್ನು ಅವರಿಗಾಗಿ ಎತ್ತಿಟ್ಟ ತಂಡ ಸೀಹಾಕ್ಸ್.

ಎದುರು ನಿಂತು ತಡೆಯುವ ತಂಡಕ್ಕೆ, ಅಂದರೆ ಡಿಫೆನ್ಸ್‌ಗೆ, ನಿಯಮ ಬೇರೆ. ಅವರು ಸ್ನ್ಯಾಪ್‌ಗೆ ಮುಂಚೆ ಎಷ್ಟು ಬೇಕಾದರೂ ಓಡಾಡಬಹುದು, ಚೆಂಡು ಇಟ್ಟ ಜಾಗದ ಗೆರೆ ಮಾತ್ರ ದಾಟಬಾರದು. ಟಿವಿಯಲ್ಲಿ ಕಾಣುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ದಾಟಿದವನು ಯಾರನ್ನೂ ಮುಟ್ಟದೆ, ಬೆದರಿಸದೆ ಸ್ನ್ಯಾಪ್‌ಗೆ ಮುಂಚೆ ವಾಪಸ್ ಬಂದರೆ ಬಚಾವ್. ಹೈಸ್ಕೂಲಿನಲ್ಲಿ ಆ ವಿನಾಯಿತಿ ಇಲ್ಲ. ದಾಟಿದ ಕೂಡಲೇ ಸೀಟಿ, 5 ಗಜ. ಅದಕ್ಕೇ ಕ್ವಾರ್ಟರ್‌ಬ್ಯಾಕ್‌ಗಳು ಬೇಕೆಂದೇ ದನಿ ಏರಿಸಿ ಇಳಿಸಿ, ಡಿಫೆನ್ಸ್‌ನವರು ಗೆರೆ ದಾಟುವಂತೆ ಆಸೆ ತೋರಿಸುತ್ತಾರೆ. ನಿಮ್ಮ ಮಗ ಡಿಫೆನ್ಸ್‌ನಲ್ಲಿ ಆಡುತ್ತಿದ್ದರೆ, ಕೂಗಿಗೆ ಕಿವಿ ಕೊಡದೆ ಚೆಂಡಿನ ಮೇಲೇ ಕಣ್ಣಿಡಲು ಮನೆಯಲ್ಲೇ ಅಭ್ಯಾಸ ಮಾಡಿಸಿ. ನೀವು ಕೂಗಿ, ಚೆಂಡು ಹಿಡಿದು ಅಕ್ಕನೋ ತಮ್ಮನೋ ನಿಲ್ಲಲಿ. ಚೆಂಡು ಅಲುಗಿದ ಮೇಲೆಯೇ ಅವನು ಏಳಲಿ.